ಅಂಕಿ ಬಂತು ಖರೆ, ಯಾರದು?

ಜತ್ತ: ಅವ್ವನ ರಕ್ತದೊತ್ತಡ ನೋಡಲೆಂದು ಮನೆಗೊಂದು ಬಿ.ಪಿ. ಯಂತ್ರ ತಂದಿದ್ದೆ. ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದರಾಯಿತು, ಅಂಕಿ ಬ್ಲೂಟೂತ್ ಮೂಲಕ ಮೊಬೈಲಿಗೆ ಬಂದು ಕೂಡುತ್ತದೆ. ಓಣಿಯವರೂ ‘ನಮ್ಮದೊಂದೀಟು ನೋಡ್ರಿ’ ಎಂದು ಬಂದರು. ಎಲ್ಲರದೂ ನೋಡಿದೆ.

ತಿಂಗಳ ನಂತರ ವಿಜಯಪುರದ ಡಾಕ್ಟರರಿಗೆ ಮೊಬೈಲ್ ತೋರಿಸಿದೆ. ಒಂದು ದಿನ 130, ಮರುದಿನ 170! ಗುಳಿಗೆ ಹೆಚ್ಚಿಸಲು ಪೆನ್ನು ಎತ್ತಿದವರು ತಡೆದು ಕೇಳಿದರು: ‘ಇವೆಲ್ಲಾ ನಿಮ್ಮವ್ವಂದೇ ಏನ್ರಿ?’ ನಾನು ನಾಲಿಗೆ ಕಚ್ಚಿಕೊಂಡೆ. 170 ಬಾಜೂಮನಿ ಕಾಕಾರದು.

ಅಡತಿ ಅಂಗಡಿಯಿಂದ ಬರೇ ‘20’ ಎಂದು ಬರೆದ ಚೀಟಿ ಬಂದರೆ ನಾವು ಒಪ್ಪುತ್ತೇವೆಯೇ? ಯಾರ ಮಾಲು, ಯಾವ ದಿನ, ಕಿಲೋವೋ ಕ್ವಿಂಟಲ್ಲೋ ಎಂದು ಕೇಳುತ್ತೇವೆ. ವೈದ್ಯಕೀಯ ಯಂತ್ರವನ್ನೂ ಮೊಬೈಲನ್ನೂ ಜೋಡಿಸುವ ತಂತ್ರಾಂಶದ ಕೆಲಸವೂ ಇದೇ.

ಒಬ್ಬೊಬ್ಬ ತಯಾರಕರು ಒಂದೊಂದು ರೀತಿ ಅಂಕಿ ಕಳಿಸಿದರೆ ಮೊಬೈಲಿಗೆ ತಿಳಿಯದು. ಅದಕ್ಕೇ ಬ್ಲೂಟೂತ್ ಸಂಘಟನೆ 2011ರಲ್ಲಿ ಬಿ.ಪಿ. ಯಂತ್ರಕ್ಕೆ, 2012ರಲ್ಲಿ ಸಕ್ಕರೆ ಅಳೆಯುವ ಯಂತ್ರಕ್ಕೆ ಸರ್ವರೂ ಒಪ್ಪುವ ನಮೂನೆ ಗೊತ್ತುಮಾಡಿತು. ಬಿ.ಪಿ. ನಮೂನೆಯಲ್ಲಿ ಅಂಕಿ ಮತ್ತು ಅಳತೆಮಾನ ಕಡ್ಡಾಯ. ಆದರೆ ಯಾವ ಹೊತ್ತು, ಯಾರದು ಎಂಬೆರಡು ಐಚ್ಛಿಕ! ಗುರುತು ಕಳಿಸಿದರೂ ಅದು ಹೆಸರಲ್ಲ, ಒಂದು ಸಂಖ್ಯೆ ಮಾತ್ರ. ಆ ಸಂಖ್ಯೆ ಅವ್ವಂದು ಎಂದು ಮೊಬೈಲಿನಲ್ಲಿ ನಾವೇ ಬರೆದಿಡಬೇಕು.

ಅಳತೆಮಾನವೂ ಸಣ್ಣ ಮಾತಲ್ಲ. ನಮ್ಮಲ್ಲಿ ಸಕ್ಕರೆ 180 ಎಂದರೆ ಮಿಲಿಗ್ರಾಂ ಲೆಕ್ಕ. ಇಂಗ್ಲೆಂಡ್, ಕೆನಡಾಗಳ ಮಿಲಿಮೋಲ್ ಲೆಕ್ಕದಲ್ಲಿ ಅದೇ ಸಕ್ಕರೆ 10. ಅಳತೆ ಬಿಟ್ಟು ಅಂಕಿ ಓದಿದರೆ ಅನಾಹುತ.

ಗಡಿಯವರಿಗೆ ಇನ್ನೊಂದು ಪೀಕಲಾಟ. ಇಂದು ಮಿರಜಿನ ಆಸ್ಪತ್ರೆ, ನಾಳೆ ವಿಜಯಪುರ. ಅಲ್ಲಿಯ ಕಾಗದ ಮರಾಠಿ, ಇಲ್ಲಿಯದು ಕನ್ನಡ. ಗಣಕಯಂತ್ರಗಳು ಇದಕ್ಕೆ ಸಂಕೇತ ಇಟ್ಟುಕೊಂಡಿವೆ. ‘ಲಾಯಿಂಕ್’ ಪಟ್ಟಿಯಲ್ಲಿ ಮೇಲಿನ ಬಿ.ಪಿ.ಗೆ 8480-6, ಪರದೆಯ ಭಾಷೆ ಯಾವುದಿದ್ದರೂ ಸಂಕೇತ ಒಂದೇ. 2021ರಲ್ಲಿ ದೇಶವ್ಯಾಪಿಯಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ 14 ಅಂಕಿಯ ‘ಆಭಾ’ ಸಂಖ್ಯೆ ರಾಜ್ಯದ ಗಡಿ ನೋಡುವುದಿಲ್ಲ. ಎರಡೂ ಆಸ್ಪತ್ರೆಗಳು ಅದಕ್ಕೆ ಸೇರಿದ್ದು, ರೋಗಿಯೂ ಒಪ್ಪಿಗೆ ಕೊಟ್ಟರೆ ಅಲ್ಲಿಯ ದಾಖಲೆ ಇಲ್ಲಿ ತೆರೆಯಬಹುದು. ಆದರೆ ಕಾಕಾರ ಅಂಕಿ ಅವ್ವನ ಹೆಸರಿಗೆ ಕೂತರೆ, ಆ ತಪ್ಪೂ ಅಷ್ಟೇ ಸಲೀಸಾಗಿ ಗಡಿ ದಾಟೀತು!

ಯಂತ್ರ ಕೊಳ್ಳುವವರು ಅಂಗಡಿಯಲ್ಲಿ ಮೂರು ಮಾತು ಕೇಳಿರಿ: ಇಬ್ಬರ ಲೆಕ್ಕ ಬೇರೆ ಇಡುತ್ತದೆಯೇ? ದಿನ, ವೇಳೆ ಬರೆಯುತ್ತದೆಯೇ? ಬೇರೆ ಕಂಪನಿಯ ತಂತ್ರಾಂಶಕ್ಕೂ ಅಂಕಿ ಕೊಡುತ್ತದೆಯೇ?

ನಮ್ಮ ಮನೆಯಲ್ಲಿ ಈಗ ಒಂದನೇ ಗುಂಡಿ ಅವ್ವಂದು, ಎರಡನೆಯದು ನನ್ನದು. ಓಣಿಯವರದು ನೋಟುಬುಕ್ಕಿನಲ್ಲಿ. ಮರುವಾರ ಕಾಕಾರನ್ನೂ ವಿಜಯಪುರಕ್ಕೆ ಕರೆದೊಯ್ದೆ. ತಮಗೆ ಬಿ.ಪಿ. ಇದೆಯೆಂದು ಅವರಿಗೆ ಗೊತ್ತೇ ಇರಲಿಲ್ಲ. ಗುಳಿಗೆ ಬೇಕಾಗಿದ್ದು ಅವ್ವನಿಗಲ್ಲ, ಅವರಿಗೆ.