ಸ್ಕೌಟ್ ಕಳೆದುಕೊಂಡ ಮುಗ್ಧತೆ, ಟಾಮ್ ಮಕ್ಕಳಿಗೆ ಸಿಗದೇ ಹೋದ ಬಾಲ್ಯ

ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಹಾರ್ಪರ್ ಲೀ ಬರೆದ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಕಾದಂಬರಿಯನ್ನು ಎರಡೇ ರಾತ್ರಿಯಲ್ಲಿ ಓದಿ ಮುಗಿಸಿದ್ದೆ. ಅದರಲ್ಲೊಂದು ದೃಶ್ಯ ಇದೆ. ಕೇಸು ಸೋತ ವಕೀಲ ಅಟಿಕಸ್ ಫಿಂಚ್ ಕೋರ್ಟಿನಿಂದ ಹೊರಗೆ ನಡೆಯುತ್ತಾನೆ. ಮೇಲೆ, ಕಪ್ಪು ಜನರಿಗೆಂದು ಬೇರೆ ಮಾಡಿಟ್ಟ ಬಾಲ್ಕನಿಯಲ್ಲಿ ಕೂತವರೆಲ್ಲ ಎದ್ದು ನಿಲ್ಲುತ್ತಾರೆ. ಅವರ ನಡುವೆ ಕೂತಿದ್ದ ಅಟಿಕಸ್‌ನ ಮಗಳಿಗೂ ಅಲ್ಲಿನ ಪಾದ್ರಿ ಎದ್ದು ನಿಲ್ಲೋಕೆ ಹೇಳ್ತಾರೆ. ಆ ಪುಟ ಓದಿ ಅತ್ತಿದ್ದೆ. ಲಾಯರ್ ಆದ್ರೆ ಹೀಗಾಗಬೇಕು ಅಂತ ಹಾಸ್ಟೆಲ್ ರೂಮಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ.

ಹೋದ ತಿಂಗಳು ಮತ್ತೆ ಓದಿದೆ. ಅದೇ ಪುಟ ಬಂತು. ಈ ಸಲ ಕಣ್ಣೀರು ಬರಲಿಲ್ಲ, ಒಂದು ಪ್ರಶ್ನೆ ಬಂತು. ಶಿಕ್ಷೆಯಾಗಿದ್ದು ಯಾರಿಗೆ? ಟಾಮ್ ರಾಬಿನ್ಸನ್‌ಗೆ. ಎಲ್ಲರ ಕಣ್ಣು ಯಾರ ಮೇಲೆ? ವಕೀಲನ ಮೇಲೆ. ಅವತ್ತು ನಾನು ಅತ್ತಿದ್ದೂ ವಕೀಲನಿಗಾಗಿಯೇ.

ಈ ಲೇಖನ ಆ ಪ್ರಶ್ನೆಯ ಬೆನ್ನು ಹತ್ತಿದ್ದು.

ಕಥೆ ಏನು?

ಕಾದಂಬರಿ ಪ್ರಕಟವಾಗಿದ್ದು 1960ರಲ್ಲಿ. ಮರುವರ್ಷವೇ ಪುಲಿಟ್ಜರ್ ಪ್ರಶಸ್ತಿ, 1962ರಲ್ಲಿ ಸಿನಿಮಾ. ಅಟಿಕಸ್ ಪಾತ್ರ ಮಾಡಿದ ಗ್ರೆಗರಿ ಪೆಕ್‌ಗೆ ಆಸ್ಕರ್ ಬಂತು. ಅಮೆರಿಕದ ಶಾಲೆಗಳಲ್ಲಿ ತಲೆಮಾರುಗಳ ಕಾಲ ಪಠ್ಯವಾದ ಪುಸ್ತಕ ಇದು.

ಕಥೆ ನಡೆಯೋದು 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ, ಅಲಬಾಮಾ ರಾಜ್ಯದ ಮೇಕಾಂಬ್ ಎಂಬ ಕಲ್ಪಿತ ಊರಿನಲ್ಲಿ. ಹೇಳೋಳು ಸ್ಕೌಟ್. ಕಥೆ ಶುರುವಾದಾಗ ಅವಳಿಗಿನ್ನೂ ಆರು ತುಂಬಿಲ್ಲ. ಅಣ್ಣ ಜೆಮ್, ಬೇಸಿಗೆ ರಜೆಗೆ ಬರುವ ಗೆಳೆಯ ಡಿಲ್, ಪಕ್ಕದ ಮನೆಯೊಳಗೇ ಬಚ್ಚಿಟ್ಟುಕೊಂಡಿರುವ ಬೂ ರ್‍ಯಾಡ್ಲಿಯ ಬಗ್ಗೆ ಹೆದರಿಕೆ ಹುಟ್ಟಿಸೋ ಕತೆಗಳು. ಇದಿಷ್ಟು ಅವಳ ಲೋಕ.

ಆ ಲೋಕದೊಳಗೆ ಒಂದು ಕೇಸು ಬರುತ್ತೆ. ಮೇಯೆಲ್ಲಾ ಈವೆಲ್ ಎಂಬ ಬಿಳಿ ಯುವತಿ ಮೇಲೆ ಟಾಮ್ ರಾಬಿನ್ಸನ್ ಎಂಬ ಕಪ್ಪು ಕೂಲಿಕಾರ ಅತ್ಯಾಚಾರ ಮಾಡಿದ ಅನ್ನೋ ಆರೋಪ. ಅವಳ ಮುಖದ ಬಲಭಾಗಕ್ಕೆ ಪೆಟ್ಟಾಗಿದೆ, ಅಂದರೆ ಎದುರಿಗೆ ನಿಂತು ಹೊಡೆದವನು ಎಡಗೈ ಬಳಸಿರಬೇಕು. ಟಾಮ್‌ನ ಎಡಗೈ ಹುಡುಗನಾಗಿದ್ದಾಗಲೇ ಹತ್ತಿ ಬಿಡಿಸೋ ಯಂತ್ರಕ್ಕೆ ಸಿಕ್ಕಿ ಬಿದ್ದುಹೋಗಿದೆ. ಹುಡುಗಿಯ ಅಪ್ಪ ಬಾಬ್ ಈವೆಲ್ ಎಡಚ. ವೈದ್ಯರನ್ನು ಯಾರೂ ಕರೆಸಿಲ್ಲ. ಕೋರ್ಟಿನಲ್ಲಿ ಇದೆಲ್ಲ ಹಗಲಿನಷ್ಟು ಸ್ಪಷ್ಟವಾದ ಮೇಲೂ ಬಿಳಿ ಗಂಡಸರೇ ತುಂಬಿದ ಜ್ಯೂರಿ ಟಾಮ್ ತಪ್ಪಿತಸ್ಥ ಅನ್ನುತ್ತೆ.

ವಿಚಾರಣೆಯಲ್ಲಿ ಟಾಮ್ ಒಂದು 'ತಪ್ಪು' ಮಾಡ್ತಾನೆ. ಕೂಲಿ ತಗೊಳ್ಳದೆ ಆ ಹುಡುಗಿಗೆ ಯಾಕೆ ಕೆಲಸ ಮಾಡಿಕೊಟ್ಟೆ ಅಂತ ಕೇಳಿದ್ದಕ್ಕೆ, ಅವಳನ್ನು ನೋಡಿ ಪಾಪ ಅನ್ನಿಸ್ತು ಅಂತ ಹೇಳಿಬಿಡ್ತಾನೆ. ಕಪ್ಪು ಗಂಡಸೊಬ್ಬ ಬಿಳಿ ಹೆಣ್ಣಿನ ಮೇಲೆ ಕನಿಕರ ಪಡೋದಾ? ಕನಿಕರ ಮೇಲಿಂದ ಕೆಳಗೆ ಹರಿಯೋ ವಸ್ತು, ಕೆಳಗಿದ್ದವನು ಅದನ್ನು ಮೇಲಕ್ಕೆ ಕಳಿಸುವಂತಿಲ್ಲ. ಸರ್ಕಾರಿ ವಕೀಲ ಆ ಮಾತನ್ನೇ ಹಿಡಿದು ಎಳೀತಾನೆ.

ಇದು ಬರೀ ಕತೆ ಅಲ್ಲ

1931ರ ಮಾರ್ಚ್‌ನಲ್ಲಿ ಇದೇ ಅಲಬಾಮಾದಲ್ಲಿ ಗೂಡ್ಸ್ ರೈಲೊಂದರಲ್ಲಿ ಹೋಗ್ತಿದ್ದ ಒಂಬತ್ತು ಕಪ್ಪು ಹುಡುಗರನ್ನು ಹಿಡಿದು, ಇಬ್ಬರು ಬಿಳಿ ಯುವತಿಯರ ಮೇಲೆ ಅತ್ಯಾಚಾರ ಮಾಡಿದ್ರು ಅಂತ ಕೇಸು ಹಾಕಿದರು. ಕೆಲವೇ ವಾರಗಳಲ್ಲಿ ಎಂಟು ಜನರಿಗೆ ಮರಣದಂಡನೆ ವಿಧಿಸಿದ್ದಾಯಿತು. ಮುಂದೆ ಆ ಇಬ್ಬರಲ್ಲಿ ಒಬ್ಬಳು, ರೂಬಿ ಬೇಟ್ಸ್, ಅತ್ಯಾಚಾರ ನಡೆದೇ ಇಲ್ಲ ಅಂತ 1933ರಲ್ಲಿ ಕೋರ್ಟಿಗೆ ಬಂದು ಹೇಳಿದಳು. ಆದರೂ ಜ್ಯೂರಿ ಶಿಕ್ಷೆಯನ್ನೇ ಎತ್ತಿಹಿಡಿಯಿತು. ಆ ತೀರ್ಪನ್ನು ರದ್ದು ಮಾಡಿದ ನ್ಯಾಯಾಧೀಶ ಜೇಮ್ಸ್ ಹಾರ್ಟನ್ 1934ರ ಚುನಾವಣೆಯಲ್ಲಿ ಸೋತು ಹುದ್ದೆ ಕಳೆದುಕೊಂಡರು. ಇದಕ್ಕೆ ಸ್ಕಾಟ್ಸ್‌ಬರೊ ಪ್ರಕರಣ ಅಂತ ಹೆಸರು.

ಈ ಪ್ರಕರಣದಿಂದ ಹುಟ್ಟಿದ 'ನಾರಿಸ್ ವರ್ಸಸ್ ಅಲಬಾಮಾ' ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1935ರಲ್ಲಿ, ಕಪ್ಪು ಜನರನ್ನು ಜ್ಯೂರಿ ಪಟ್ಟಿಯಿಂದ ಹೊರಗಿಡೋದು ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ಕಾದಂಬರಿಯ ವಿಚಾರಣೆ ನಡೆಯೋದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ. ಆದರೆ ಅಟಿಕಸ್ ಜ್ಯೂರಿಯಲ್ಲಿ ಯಾರಿದ್ದಾರೆ ಅನ್ನೋದನ್ನು ಕೋರ್ಟಿನಲ್ಲಿ ಪ್ರಶ್ನಿಸೋದೇ ಇಲ್ಲ. ಆ ಹನ್ನೆರಡು ಜನರ ಆತ್ಮಸಾಕ್ಷಿಗೆ ಮನವಿ ಮಾಡ್ತಾನೆ. ಒಳ್ಳೆ ಮಾತಿನಿಂದ ಒಳ್ಳೆ ಮನುಷ್ಯರು ಬದಲಾಗ್ತಾರೆ ಅನ್ನೋದು ಅವನ ನಂಬಿಕೆ. ಅವನ ದೊಡ್ಡತನವೂ ಅದೇ, ಮಿತಿಯೂ ಅದೇ.

ಲೀಗೆ ಈ ಮಿತಿ ಗೊತ್ತಿತ್ತು ಅನ್ನಿಸುತ್ತೆ. ಮಾಕಿಂಗ್‌ಬರ್ಡ್‌ಗಿಂತ ಮೊದಲೇ ಬರೆದು, 2015ರಲ್ಲಿ ಹೊರಬಂದ 'ಗೋ ಸೆಟ್ ಎ ವಾಚ್‌ಮನ್' ಹಸ್ತಪ್ರತಿಯಲ್ಲಿ ವಯಸ್ಸಾದ ಅಟಿಕಸ್ ಬಿಳಿಯರ ಮೇಲುಗೈ ಕಾಯುವ ಸಭೆಯಲ್ಲಿ ಕೂತಿರ್ತಾನೆ. ತುಂಬ ಓದುಗರಿಗೆ ಅದು ದೇವರ ವಿಗ್ರಹ ಒಡೆದ ಹಾಗಾಯಿತು. ನನಗೆ ಈಗ ಅದು ಅಷ್ಟೇನೂ ಅನಿರೀಕ್ಷಿತ ಅನ್ನಿಸಲ್ಲ.

ಯಾರ ಮುಗ್ಧತೆ?

ಮುಗ್ಧತೆ ಕಳೆದುಕೊಳ್ಳುವ ಕತೆ ಅಂತಲೇ ಈ ಕಾದಂಬರಿಗೆ ಹೆಸರು. ಅದು ನಿಜ, ಲೀ ಅದನ್ನು ಬಹಳ ಸೂಕ್ಷ್ಮವಾಗಿ ಬರೀತಾರೆ. ಟಾಮ್‌ನನ್ನು ಸರ್ಕಾರಿ ವಕೀಲ ಹೀಯಾಳಿಸೋ ರೀತಿ ನೋಡಲಾಗದೆ ಡಿಲ್ ಅಳ್ತಾ ಹೊರಗೆ ಹೋಗ್ತಾನೆ. ತೀರ್ಪು ಬಂದ ಮೇಲೆ ಜೆಮ್ ಅಳ್ತಾನೆ. ಸ್ಕೌಟ್‌ಗೆ ಪಾಠ ಆಗೋದು ಶಾಲೆಯಲ್ಲಿ. ಹಿಟ್ಲರ್ ಯೆಹೂದಿಗಳಿಗೆ ಮಾಡ್ತಿರೋದು ಅನ್ಯಾಯ ಅಂತ ಮಿಸ್ ಗೇಟ್ಸ್ ಕ್ಲಾಸಿನಲ್ಲಿ ಮರುಗ್ತಾರೆ. ಅದೇ ಟೀಚರ್ ಕೋರ್ಟಿನಿಂದ ಹೊರಗೆ ಬರ್ತಾ, ಊರಿನ ಕಪ್ಪು ಜನರಿಗೆ ಯಾರಾದ್ರೂ ಬುದ್ಧಿ ಕಲಿಸಬೇಕಿತ್ತು ಅನ್ನೋ ಧಾಟಿಯಲ್ಲಿ ಮಾತಾಡಿದ್ದನ್ನು ಸ್ಕೌಟ್ ಕೇಳಿಸಿಕೊಂಡಿರ್ತಾಳೆ. ದೂರದ ಅನ್ಯಾಯಕ್ಕೆ ಮರುಗೋದು ಸುಲಭ, ಅದಕ್ಕೆ ನಮ್ಮಿಂದ ಏನೂ ಖರ್ಚಾಗಲ್ಲ. ಪೂರ್ವಗ್ರಹ ಅಂದ್ರೇನು ಅಂತ ಯಾರಾದ್ರೂ ಕೇಳಿದ್ರೆ ನಾನು ಈ ಒಂದು ಪುಟ ತೋರಿಸ್ತೀನಿ.

ಆದರೆ ಟಾಮ್‌ಗೂ ಮಕ್ಕಳಿದ್ದಾರೆ. ಅಪ್ಪ ಸತ್ತ ಸುದ್ದಿ ಹೇಳೋಕೆ ಅಟಿಕಸ್ ಬಂದಾಗ, ಪುಟ್ಟ ಹುಡುಗಿಯೊಬ್ಬಳು ಅವನ ಬೆರಳು ಹಿಡಿದು ಮೆಟ್ಟಿಲು ಇಳೀತಾಳೆ. ಪುಸ್ತಕದಲ್ಲಿ ಅವಳಿಗೆ ಇರೋದು ಅಷ್ಟೇ ಜಾಗ. ಅವಳು ಏನು ನೋಡಿದಳು, ಏನು ಅರ್ಥ ಮಾಡಿಕೊಂಡಳು ಅಂತ ನಮಗೆ ಗೊತ್ತಾಗೋದೇ ಇಲ್ಲ.

ಇದಕ್ಕೆ ಎದುರಾಗಿ ಇನ್ನೊಂದು ಪುಸ್ತಕ ಇಟ್ಟು ನೋಡಿ. ಮಿಲ್ಡ್ರೆಡ್ ಟೇಲರ್ ಎಂಬ ಕಪ್ಪು ಲೇಖಕಿ 1976ರಲ್ಲಿ ಬರೆದ 'ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ'. ಅದೂ 1933ರ ಕತೆ, ಮಿಸಿಸಿಪ್ಪಿ ರಾಜ್ಯದ್ದು. ಹೇಳೋಳು ಒಂಬತ್ತು ವರ್ಷದ ಕ್ಯಾಸಿ ಲೋಗನ್. ಅವಳ ಆರು ವರ್ಷದ ತಮ್ಮನಿಗೆ ಶಾಲೆಯ ಮೊದಲ ದಿನ ಒಂದು ಹರಿದ ಪುಸ್ತಕ ಕೊಡ್ತಾರೆ. ಒಳಗೆ ಒಂದು ಪಟ್ಟಿ ಇದೆ. ಹೊಸದಿದ್ದಾಗಿನಿಂದ ಅದನ್ನು ಬಿಳಿ ಮಕ್ಕಳು ಬಳಸಿದ್ದಾರೆ, ಪೂರ್ತಿ ಹಾಳಾದ ಮೇಲೆ ಕಪ್ಪು ಮಗುವಿನ ಕೈಗೆ ಬಂದಿದೆ. ಓದೋಕೆ ಬರೋ ಆ ಹುಡುಗ ಪಟ್ಟಿ ಓದಿ, ಪುಸ್ತಕ ನೆಲಕ್ಕೆಸೆದು ತುಳೀತಾನೆ.

ಸ್ಕೌಟ್‌ಗೆ ಅನ್ಯಾಯ ಅಂದ್ರೇನು ಅಂತ ಅರ್ಥ ಆಗೋಕೆ ಒಂದು ಕೋರ್ಟ್ ಕೇಸು ಬೇಕಾಯಿತು. ಈ ಹುಡುಗನಿಗೆ ಶಾಲೆಯ ಮೊದಲ ದಿನವೇ ಸಾಕಾಯಿತು. ಮುಗ್ಧತೆ ಕಳೆದುಕೊಳ್ಳಬೇಕಾದ್ರೆ ಮೊದಲು ಅದನ್ನು ಇಟ್ಟುಕೊಳ್ಳೋಕೆ ಯಾರಾದ್ರೂ ಬಿಡಬೇಕು ಅಲ್ವಾ?

ಎರಡು ಸಾವು

ಮಾಕಿಂಗ್‌ಬರ್ಡ್‌ನಲ್ಲಿ ಯಾರಿಗೂ ಕೆಡುಕು ಮಾಡದ ಎರಡು ಜೀವಗಳಿವೆ, ಟಾಮ್ ಮತ್ತು ಬೂ. ಟಾಮ್ ಜೈಲಿನಿಂದ ಓಡಲು ನೋಡಿದಾಗ ಕಾವಲುಗಾರರು ಗುಂಡು ಹಾರಿಸ್ತಾರೆ. ಹದಿನೇಳು ಗುಂಡು. ಕೊನೆಯಲ್ಲಿ ಬಾಬ್ ಈವೆಲ್ ಮಕ್ಕಳನ್ನು ಕೊಲ್ಲೋಕೆ ಬಂದಾಗ ಬೂ ಅಡ್ಡ ಬರ್ತಾನೆ, ಈವೆಲ್ ಸಾಯ್ತಾನೆ. ಆಗ ಶೆರಿಫ್, ಈವೆಲ್ ತನ್ನ ಚಾಕುವಿನ ಮೇಲೆ ತಾನೇ ಬಿದ್ದ ಅಂತ ಹಟ ಹಿಡಿದು ಕೇಸನ್ನು ಅಲ್ಲಿಗೇ ಮುಚ್ಚುತ್ತಾನೆ. ನಾಚಿಕೆ ಸ್ವಭಾವದ ಆ ಮನುಷ್ಯನನ್ನು ಬೀದಿಗೆ ಎಳೆಯೋದು ಪಾಪ ಅನ್ನೋದು ಅವನ ವಾದ.

ಮೊದಲ ಓದಿನಲ್ಲಿ ಇದು ನನಗೆ ನೆಮ್ಮದಿ ಕೊಟ್ಟಿತ್ತು. ಈಗ ಕಾಣೋದು ಬೇರೆ. ಅದೇ ಊರು, ಅದೇ ಶೆರಿಫ್. ಏನೂ ಮಾಡದ ಟಾಮ್‌ಗೆ ಕಾನೂನಿನ ಪೂರ್ತಿ ಭಾರ ಬಿತ್ತು. ಒಬ್ಬನ ಸಾವಿಗೆ ಕಾರಣನಾದ ಬೂಗೆ ಅದೇ ಕಾನೂನು ಕಣ್ಣು ಮುಚ್ಚಿಕೊಂಡಿತು. ಬೂಗೆ ಸಿಕ್ಕ ಕರುಣೆ ತಪ್ಪಲ್ಲ. ಮೇಕಾಂಬ್‌ಗೆ ಕರುಣೆ ಗೊತ್ತಿತ್ತು, ಅದನ್ನು ಯಾರಿಗೆ ಕೊಡಬೇಕು ಅಂತಲೂ ಅದಕ್ಕೆ ಚೆನ್ನಾಗಿ ಗೊತ್ತಿತ್ತು.

ಅದೇ ಊರಿನಲ್ಲಿ

ಲೀ ಹುಟ್ಟಿ ಬೆಳೆದ ಊರು ಮನ್ರೋವಿಲ್. ಮೇಕಾಂಬ್‌ಗೆ ಅದೇ ಮಾದರಿ. 1986ರಲ್ಲಿ ಅಲ್ಲಿ ಒಬ್ಬ ಬಿಳಿ ಯುವತಿಯ ಕೊಲೆಯಾಯಿತು. ವಾಲ್ಟರ್ ಮ್ಯಾಕ್‌ಮಿಲಿಯನ್ ಎಂಬ ಕಪ್ಪು ಮನುಷ್ಯನನ್ನು ಹಿಡಿದರು. ಕೊಲೆಯಾದ ಹೊತ್ತಿನಲ್ಲಿ ಅವರು ಮನೆಯಲ್ಲೇ ಇದ್ದರು ಅಂತ ಹೇಳೋ ಕಪ್ಪು ಸಾಕ್ಷಿಗಳು ಎಷ್ಟೋ ಜನ ಇದ್ದರು. ವಿಚಾರಣೆ ಎರಡು ದಿನಕ್ಕಿಂತ ಹೆಚ್ಚು ನಡೆಯಲಿಲ್ಲ. ಜ್ಯೂರಿ ಜೀವಾವಧಿ ಶಿಕ್ಷೆ ಸಾಕು ಅಂದರೆ, ನ್ಯಾಯಾಧೀಶರು ಅದನ್ನು ಮೀರಿ ಮರಣದಂಡನೆ ಕೊಟ್ಟರು. ವಕೀಲ ಬ್ರಯಾನ್ ಸ್ಟೀವನ್‌ಸನ್ ಹೋರಾಡಿ, ಮುಖ್ಯ ಸಾಕ್ಷಿ ಹೇಳಿದ್ದು ಸುಳ್ಳು ಅಂತ ಬಯಲು ಮಾಡಿದ ಮೇಲೆ, 1993ರಲ್ಲಿ ಮ್ಯಾಕ್‌ಮಿಲಿಯನ್ ಹೊರಬಂದರು. ಸ್ಟೀವನ್‌ಸನ್ ಬರೆದ 'ಜಸ್ಟ್ ಮರ್ಸಿ'ಯಲ್ಲಿ ಈ ಕತೆ ಪೂರ್ತಿ ಇದೆ. ತನ್ನ ಕಾದಂಬರಿಯ ಬಗ್ಗೆ ಹೆಮ್ಮೆ ಪಡುತ್ತಿದ್ದ ಊರಿನಲ್ಲೇ ಇದು ನಡೆದದ್ದು.

ಹಾಗಾದ್ರೆ ಈ ಕಾದಂಬರಿ ಓದಬೇಕಾ, ಬಿಡಬೇಕಾ? 2022ರಲ್ಲಿ ವಾಷಿಂಗ್ಟನ್ ರಾಜ್ಯದ ಮುಕಿಲ್ಟಿಯೊ ಶಾಲಾ ಮಂಡಳಿ ಇದನ್ನು ಒಂಬತ್ತನೇ ತರಗತಿಯ ಕಡ್ಡಾಯ ಓದಿನ ಪಟ್ಟಿಯಿಂದ ತೆಗೆಯಿತು. ಬಿಳಿ ರಕ್ಷಕನನ್ನು ನಡುವೆ ಇಟ್ಟು ಕಪ್ಪು ಪಾತ್ರಗಳನ್ನು ಅಂಚಿಗೆ ತಳ್ಳುತ್ತೆ ಅನ್ನೋದು ಆಕ್ಷೇಪ. ಆಕ್ಷೇಪ ಸರಿ ಅಂತ ನನಗೂ ಅನ್ನಿಸುತ್ತೆ. ಆದರೂ ಓದಿ ಅಂತಲೇ ಹೇಳ್ತೀನಿ, ಯಾಕಂದ್ರೆ ಒಳ್ಳೆಯವರು ತುಂಬಿದ ಊರೊಂದು ಅನ್ಯಾಯವನ್ನು ಹೇಗೆ ಆರಾಮಾಗಿ ನಡೆಸಿಕೊಂಡು ಹೋಗುತ್ತೆ ಅನ್ನೋದನ್ನು ಇಷ್ಟು ಚೆನ್ನಾಗಿ ತೋರಿಸೋ ಪುಸ್ತಕಗಳು ಕಡಿಮೆ. ಒಂದೇ ಮಾತು, ಇದನ್ನೊಂದನ್ನೇ ಓದಿ ನಿಲ್ಲಿಸಬೇಡಿ. ಸ್ಕೌಟ್ ಜೊತೆ ಕ್ಯಾಸಿಯ ಮಾತೂ ಕೇಳಿ. ಆ ಬಾಲ್ಕನಿಯ ದೃಶ್ಯ ಬಂದಾಗ ಕೆಳಗೆ ನಡೆದು ಹೋಗ್ತಿರೋ ವಕೀಲನನ್ನು ಒಂದು ನಿಮಿಷ ಬಿಟ್ಟು, ಎದ್ದು ನಿಂತವರ ಮುಖ ನೋಡೋಕೆ ಪ್ರಯತ್ನ ಮಾಡಿ.