ನಿಮಗಿದು ಗೊತ್ತೇ? ರೊಕ್ಕ ಹೋಯ್ತು, ಆರ್ಡರ್ ಬರಲಿಲ್ಲ!

ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಜಿಐ ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿದ್ದಂತೆ ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಇವೆ. ಅಥಣಿಯ ಚಪ್ಪಲಿ ಈಗ ಸಂತೆಯ ಜೊತೆಗೆ ವೆಬ್‌ಸೈಟಿನಲ್ಲೂ ಮಾರಾಟಕ್ಕುಂಟು. ವೆಬ್‌ಸೈಟ್ ಅಂದಮೇಲೆ ಅಪ್‌ಡೇಟ್ ಇದ್ದದ್ದೇ. ಅಪ್‌ಡೇಟ್ ಆದ ಮರುದಿನ ಗಿರಾಕಿಯ ಫೋನೂ ಇದ್ದದ್ದೇ: “ರೊಕ್ಕ ಕಟ್ ಆಗೇತ್ರೀ, ಆರ್ಡರ್ ಮಾತ್ರ ಪೆಂಡಿಂಗ್ ಅಂತ ತೋರಸಾಕತ್ತೈತಿ!”

ಇಂಥ ಹೊತ್ತಿನಲ್ಲಿ ಎಷ್ಟೋ ಸಲ ರೊಕ್ಕ ಸರಿಯಾಗೇ ತಲುಪಿರುತ್ತದೆ, ತಲುಪಿತೆಂಬ ಸುದ್ದಿ ಮಾತ್ರ ದಾರಿಯಲ್ಲಿ ಸಿಕ್ಕಿಬಿದ್ದಿರುತ್ತದೆ, ಗೊತ್ತೇ? ಗಿರಾಕಿ ಯುಪಿಐನಲ್ಲಿ ಕಟ್ಟಿದ ಮೇಲೆ ಪೇಮೆಂಟ್ ಗೇಟ್‌ವೇಯ ಸರ್ವರು ಅಂಗಡಿಯ ಸರ್ವರಿಗೆ ನೇರವಾಗಿ ಒಂದು ಸಂದೇಶ ಕಳಿಸುತ್ತದೆ. ವೆಬ್‌ಹುಕ್ ಅನ್ನುವುದು ಇದಕ್ಕೇ. ಕಳಿಸುವ ಮುಂಚೆ ಅದು ಅಂಗಡಿಯ ಎಸ್‌ಎಸ್‌ಎಲ್ ಸರ್ಟಿಫಿಕೇಟನ್ನು ನೋಡುತ್ತದೆ. ಕೊರತೆ ಕಂಡರೆ ಸಂದೇಶ ಕೊಡದೆ ವಾಪಸ್.

ಜನ ಏಮಾರುವುದು ಇಲ್ಲೇ. ಅಂಗಡಿಯವರು ತಮ್ಮ ಲ್ಯಾಪ್‌ಟಾಪಿನಲ್ಲಿ ನೋಡಿದರೆ ಸೈಟು ಚೆನ್ನಾಗೇ ತೆರೆಯುತ್ತದೆ, “ನಮ್ಮ ಕಡೆ ಎಲ್ಲಾ ಬರೋಬರಿ ಐತಿ” ಅಂತಾರೆ. ಸರ್ಟಿಫಿಕೇಟ್ ಅನ್ನುವುದು ಒಂದೇ ಕಾಗದವಲ್ಲ. ಸೈಟಿನದೊಂದು, ಅದಕ್ಕೆ ಸಹಿ ಹಾಕಿದ ನಡುವಿನದೊಂದು, ಎಲ್ಲಕ್ಕೂ ಮೇಲೆ ರೂಟ್. ನಡುವಿನದನ್ನು ಸರ್ವರ್ ಕೊಡದೇ ಹೋದರೂ ಕ್ರೋಮ್, ಫೈರ್‌ಫಾಕ್ಸ್‌ಗಳು ಸಾಮಾನ್ಯವಾಗಿ ಹೇಗೋ ಹೊಂದಿಸಿಕೊಳ್ಳುತ್ತವೆ. ಗೇಟ್‌ವೇಯ ಸರ್ವರಿಗೆ ಆ ದಾಕ್ಷಿಣ್ಯವಿರುವುದಿಲ್ಲ. ಸರ್ಟಿಫಿಕೇಟ್ ತರಿಸಿಕೊಡುವ ಸರ್ಟ್‌ಬಾಟ್ ತಂತ್ರಾಂಶ ಬಳಸುವವರ ಫೋಲ್ಡರಿನಲ್ಲಿ ‘ಸರ್ಟ್’ ಎಂಬ ಫೈಲೂ ಇರುತ್ತದೆ, ‘ಫುಲ್‌ಚೈನ್’ ಎಂಬ ಫೈಲೂ ಇರುತ್ತದೆ. ಸರ್ವರಿನ ಸೆಟ್ಟಿಂಗಿನಲ್ಲಿ ಇರಬೇಕಾದ ಹೆಸರು ಫುಲ್‌ಚೈನ್‌ನದು. ಅಪ್‌ಡೇಟಿನ ಗಡಿಬಿಡಿಯಲ್ಲಿ ಸೆಟ್ಟಿಂಗ್ ಹೊಸದಾಗಿ ಬರೆದವರು ಬರೀ ‘ಸರ್ಟ್’ ಹಾಕಿ ಎದ್ದಿರುತ್ತಾರೆ. ಕ್ವಾಲಿಸ್ ಕಂಪನಿಯ ಎಸ್‌ಎಸ್‌ಎಲ್ ಲ್ಯಾಬ್ಸ್ ಪರೀಕ್ಷೆ ಇದನ್ನು ಪುಕ್ಕಟೆಯಾಗಿ ಹಿಡಿದು ತೋರಿಸುತ್ತದೆ.

ಇನ್ನೊಂದು ಮೋಜು ಕೇಳಿ. ಸರ್ಟಿಫಿಕೇಟ್ ನವೀಕರಣವಾಗಿ ಹೊಸ ಫೈಲು ಡಿಸ್ಕಿನಲ್ಲಿ ಕೂತಿದ್ದರೂ ಸರ್ವರನ್ನು ರೀಲೋಡ್ ಮಾಡುವ ತನಕ ಅದು ತಾನು ಮೊದಲೇ ಓದಿಟ್ಟುಕೊಂಡ ಹಳೆಯದನ್ನೇ ತೋರಿಸುತ್ತಿರುತ್ತದೆ. ಫೈಲ್ ನೋಡಿದರೆ ಹೊಸ ತಾರೀಖು, ಬ್ರೌಸರಿನಲ್ಲಿ ಮಾತ್ರ ಅವಧಿ ಮುಗಿದಿದೆ ಎಂಬ ಕೆಂಪು ಎಚ್ಚರಿಕೆ! ಒಂದು ಸಾಲಿನ ಕಮಾಂಡಿನಲ್ಲಿ ಮುಗಿಯುವ ಕೆಲಸಕ್ಕೆ ಅರ್ಧ ದಿನ ತಲೆ ಕೆಡಿಸಿಕೊಂಡವರು ಬೇಕಾದಷ್ಟು ಮಂದಿ.

ಲೆಟ್ಸ್ ಎನ್‌ಕ್ರಿಪ್ಟ್ ಪುಕ್ಕಟೆ ಕೊಡುತ್ತಾ ಬಂದ ಸರ್ಟಿಫಿಕೇಟಿನ ಆಯುಸ್ಸು 90 ದಿನ. ಮುಗಿಯುವ ಮೊದಲು ಅವರು ನೆನಪಿನ ಇಮೇಲ್ ಕಳಿಸುತ್ತಿದ್ದರು, 2025ರ ಜೂನ್ 4ರಿಂದ ಅದೂ ನಿಂತಿದೆ. ಇಮೇಲನ್ನೇ ನಂಬಿ ಕೂತಿದ್ದವರು ಈಗಲೇ ಏಳುವುದು ಒಳ್ಳೆಯದು.

ದುಡ್ಡು ಕೊಟ್ಟು ಕೊಂಡದ್ದಕ್ಕೂ ಆಯುಸ್ಸು ಇಳಿಯುತ್ತಿದೆ. 2020ರ ಸೆಪ್ಟೆಂಬರಿನಿಂದ ಗರಿಷ್ಠ 398 ದಿನ ಇತ್ತು. 2026ರ ಮಾರ್ಚ್ 15ರಿಂದ 200, 2027ರ ಅದೇ ದಿನದಿಂದ 100, 2029ರ ಅದೇ ದಿನದಿಂದ 47 ದಿನ. ಕೈಯಿಂದ ನವೀಕರಿಸುವ ಕಾಲ ಮುಗಿಯಿತೆಂದೇ ಲೆಕ್ಕ.

ದೊಡ್ಡವರೂ ಮರೆಯುತ್ತಾರೆ. 2020ರ ಫೆಬ್ರವರಿ 3ರಂದು ಮೈಕ್ರೋಸಾಫ್ಟ್ ಟೀಮ್ಸ್ ಕೆಲ ಗಂಟೆ ಕೆಟ್ಟು ನಿಂತದ್ದು ಒಂದು ಸರ್ಟಿಫಿಕೇಟ್ ನವೀಕರಿಸದೆ ಬಿಟ್ಟದ್ದಕ್ಕೆ.

ನೀವು ಏನನ್ನೂ ಮುಟ್ಟದೇ ಇದ್ದರೂ ಪೇಮೆಂಟ್ ಕೆಡಬಹುದು. 2021ರ ಸೆಪ್ಟೆಂಬರ್ 30ರಂದು ಒಂದು ಹಳೆಯ ರೂಟ್ ಸರ್ಟಿಫಿಕೇಟಿನ ಅವಧಿ ಮುಗಿಯಿತು. ಸರ್ಟಿಫಿಕೇಟ್ ಪರೀಕ್ಷಿಸಲು ಓಪನ್‌ಎಸ್‌ಎಸ್‌ಎಲ್ 1.0.2 ಎಂಬ ಹಳೇ ತಂತ್ರಾಂಶ ಹಾಕಿಕೊಂಡಿದ್ದ ಸರ್ವರುಗಳು ಆವತ್ತಿನಿಂದ ಸರಿಯಾದ ಸೈಟುಗಳನ್ನೂ ನಂಬದಾದವು. ಸರ್ವರುಗಳು ಗುಟ್ಟಾಗಿ ಮಾತಾಡಲು ಬಳಸುತ್ತಿದ್ದ ಟಿಎಲ್‌ಎಸ್ 1.0 ಎಂಬ ಹಳೇ ಪದ್ಧತಿಯ ಕಥೆಯೂ ಹೀಗೇ: ಅದನ್ನು ಬಿಡಲು ಕಾರ್ಡ್ ಪೇಮೆಂಟಿನ ಭದ್ರತಾ ನಿಯಮ ಕೊಟ್ಟ ಗಡುವು 2018ರ ಜೂನ್ 30. ಗೇಟ್‌ವೇ ಮುಂದೆ ಹೋಯಿತು, ಹಳೇ ಸರ್ವರು ಹಿಂದೆ ಉಳಿಯಿತು, ನಡುವೆ ಮಾತುಕತೆ ಬಂದ್.

ರಾಯಬಾಗದ ಆನ್‌ಲೈನ್ ಸೆಂಟರಿನ ಹಳೇ ಕಂಪ್ಯೂಟರಿನಲ್ಲಿ ಎಲ್ಲಾ ಸೈಟೂ ಒಟ್ಟಿಗೇ ‘ಸುರಕ್ಷಿತವಲ್ಲ’ ಎಂದರೆ? ಸೈಟುಗಳನ್ನು ಬೈಯುವ ಮೊದಲು ಪರದೆಯ ಮೂಲೆಯ ತಾರೀಖು ನೋಡಿ. ಮದರ್‌ಬೋರ್ಡಿನ ಸಣ್ಣ ಗುಂಡು ಸೆಲ್ಲು ಸತ್ತರೆ ಗಡಿಯಾರ ವರ್ಷಗಟ್ಟಲೆ ಹಿಂದೆ ಓಡಿರುತ್ತದೆ. ಆ ಕಂಪ್ಯೂಟರಿನ ಪಾಲಿಗೆ ಇವತ್ತಿನ ಸರ್ಟಿಫಿಕೇಟುಗಳು ಇನ್ನೂ ಹುಟ್ಟೇ ಇಲ್ಲ! ಸಿಆರ್2032 ಎಂದು ಕೇಳಿದರೆ ವಾಚ್ ರಿಪೇರಿಯವರ ಹತ್ತಿರವೂ ಸಿಗುತ್ತದೆ.

ತಂಬಾಕು ಮಾರುವ ನಿಪ್ಪಾಣಿಯವರಿಗೆ ಬೇರೊಂದು ತಕರಾರು ಬರಬಹುದು. ಗೇಟ್‌ವೇಗಳ ನಿಷಿದ್ಧ ಸರಕಿನ ಪಟ್ಟಿಯಲ್ಲಿ ಸಾಮಾನ್ಯವಾಗಿ ತಂಬಾಕೂ ಇರುತ್ತದೆ. ಅಲ್ಲಿ ಸರ್ಟಿಫಿಕೇಟ್ ಎಷ್ಟು ಸಲ ಬದಲಿಸಿದರೂ ಪೇಮೆಂಟ್ ಏಳುವುದಿಲ್ಲ.

ಸರ್ಟಿಫಿಕೇಟ್ ಇದ್ದ ಮಾತ್ರಕ್ಕೆ ಅಂಗಡಿಯವ ಸಾಚಾ ಎಂದೇನಿಲ್ಲ. ನಡುವೆ ಯಾರೂ ಕದ್ದು ಓದುತ್ತಿಲ್ಲ ಎಂಬುದಕ್ಕಷ್ಟೇ ಅದು ಜಾಮೀನು. ಮೋಸದ ಸೈಟಿಗೂ ಸಿಗುತ್ತದೆ. ಜನ ತಪ್ಪು ತಿಳಿಯುತ್ತಾರೆಂದೇ ಕ್ರೋಮ್ 2023ರಲ್ಲಿ ವಿಳಾಸದ ಪಕ್ಕದ ಬೀಗದ ಚಿತ್ರ ತೆಗೆದುಹಾಕಿತು. ಚಿಕ್ಕೋಡಿಯಲ್ಲಿ ಕೂತು ನೆಟ್‌ಬ್ಯಾಂಕಿಂಗ್ ಮಾಡುವವರು ಬೀಗಕ್ಕಿಂತ ವಿಳಾಸದ ಬಾಲ ನೋಡಲಿ: 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ಗೆ ಬರಬೇಕೆಂದು ಬ್ಯಾಂಕುಗಳಿಗೆ ಆರ್‌ಬಿಐ ಹೇಳಿತ್ತು.

ಅಂದಹಾಗೆ, ಇಂಥ ಸರ್ಟಿಫಿಕೇಟ್ ಕೊಡುವ ಕಂಪನಿಯೊಂದು ನಮ್ಮ ಬೆಂಗಳೂರಿನಲ್ಲೇ ಇದೆ, ಹೆಸರು ಇ-ಮುದ್ರಾ.

ಕಟ್ ಆದ ರೊಕ್ಕದ ಗತಿ? ಯುಪಿಐ ಇರಲಿ, ಆನ್‌ಲೈನ್ ಕಾರ್ಡ್ ಇರಲಿ, ಖಾತೆಯಿಂದ ಹೋಗಿ ಅಂಗಡಿಗೆ ಖಾತ್ರಿ ತಲುಪದಿದ್ದರೆ ಐದು ದಿನದೊಳಗೆ ತಾನಾಗಿ ವಾಪಸಾಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಎನ್ನುತ್ತದೆ ಆರ್‌ಬಿಐನ 2019ರ ಸೆಪ್ಟೆಂಬರ್ ಸುತ್ತೋಲೆ. ಕಾಗವಾಡದವರು ಮಿರಜಿನ ಅಂಗಡಿಗೆ ಕಟ್ಟಿದರೂ ನಿಯಮ ಇದೇ. ಆದರೆ ಗೇಟ್‌ವೇಯ ಡ್ಯಾಶ್‌ಬೋರ್ಡಿನಲ್ಲಿ ‘ಸಕ್ಸಸ್’ ಇದ್ದರೆ ರೊಕ್ಕ ಅಂಗಡಿಯವರದೇ ಲೆಕ್ಕದಲ್ಲಿದೆ ಎಂದರ್ಥ. ಮಾಲು ಕಳಿಸುವುದೋ ರೀಫಂಡ್ ಕೊಡುವುದೋ ಅವರ ಪಾಳಿ. ತಲುಪದ ವೆಬ್‌ಹುಕ್ಕನ್ನು ಹಲವು ಗೇಟ್‌ವೇಗಳು ಕೆಲ ಗಂಟೆ ಮತ್ತೆ ಮತ್ತೆ ಕಳಿಸಿ ನೋಡುತ್ತವೆ. ಅಷ್ಟರೊಳಗೆ ಸರ್ಟಿಫಿಕೇಟ್ ಸರಿಯಾದರೆ ಪೆಂಡಿಂಗ್ ಆರ್ಡರುಗಳು ತಾವೇ ಸರಿಹೋಗಬಹುದು. ತಪ್ಪಿದರೆ ಗಿರಾಕಿಯ ಪಾವತಿಯ ಗುರುತಾದ ಯುಟಿಆರ್ ನಂಬರ್ ಕೇಳಿ, ಡ್ಯಾಶ್‌ಬೋರ್ಡಿನ ಜೊತೆ ತಾಳೆ ನೋಡಿ, ಒಂದೊಂದನ್ನೇ ಕೈಯಾರೆ ಪಾಸ್ ಮಾಡುತ್ತಾ ಕೂರಬೇಕು.