ಹಳೆಯ ಒಲೆ ಆರಿದ ಮೇಲೆಯೇ ಔಷಧ

ಆಯುರ್ವೇದವು ಚಿಕಿತ್ಸೆಯ ಮೊದಲ ಮೆಟ್ಟಿಲನ್ನು ‘ನಿದಾನ ಪರಿವರ್ಜನ’ ಎಂದು ಕರೆಯುತ್ತದೆ. ರೋಗಕ್ಕೆ ಕಾರಣವಾದುದನ್ನು ದೂರ ಮಾಡುವುದು ಎಂಬುದು ಇದರ ಅರ್ಥ. ಕಾರಣವು ಹಾಗೆಯೇ ಉಳಿದಿರುವಾಗ ಕೊಡುವ ಔಷಧವು ಸೋರುವ ಕೊಡಕ್ಕೆ ನೀರು ತುಂಬಿದಂತೆ. ಚರಕ ಸಂಹಿತೆಯು ಶ್ವಾಸರೋಗದ ಕಾರಣಗಳನ್ನು ಹೇಳುವಾಗ ಧೂಳಿನೊಡನೆ ಹೊಗೆಯನ್ನೂ ಹೆಸರಿಸಿದೆ. ಇದನ್ನು ಓದಿ, ಪರೀಕ್ಷೆಯಲ್ಲಿ ಬರೆದು, ಪದವಿ ಪಡೆದ ನಾವೇ ಅದನ್ನು ಮರೆತ ಪ್ರಸಂಗವೊಂದನ್ನು ಸದ್ಭಕ್ತರ ಮುಂದೆ ನಿವೇದಿಸುತ್ತೇವೆ.

ಅರವತ್ತು ದಾಟಿದ ತಾಯಿಯೊಬ್ಬರು ಕೆಮ್ಮು ಮತ್ತು ಏದುಸಿರಿನ ತೊಂದರೆಯಿಂದ ನಮ್ಮಲ್ಲಿಗೆ ಬರುತ್ತಿದ್ದರು. ಬೀಡಿ, ತಂಬಾಕು ಮುಟ್ಟಿದವರಲ್ಲ. ಆಡುಸೋಗೆ, ಹಿಪ್ಪಲಿ, ಶುಂಠಿಗಳ ಯೋಗಗಳನ್ನು ಸುಮಾರು ಒಂದು ವರ್ಷ ಕೊಟ್ಟೆವು. ಸ್ವಲ್ಪ ಇಳಿಯುವುದು, ಮತ್ತೆ ಏರುವುದು. ಒಮ್ಮೆ ಅವರು ಪಟ್ಟಣದಲ್ಲಿರುವ ಮಗಳ ಮನೆಯಲ್ಲಿ ಒಂದು ತಿಂಗಳು ಇದ್ದು ಬಂದರು. ಅಲ್ಲಿರುವಷ್ಟು ದಿನ ಕೆಮ್ಮೇ ಇರಲಿಲ್ಲವಂತೆ. ಊರಿಗೆ ಮರಳಿದ ಎಂಟೇ ದಿನಕ್ಕೆ ಏದುಸಿರು ಮರುಕಳಿಸಿತು. ಆಗ ಮೊದಲ ಬಾರಿಗೆ ಒಲೆಯ ವಿಚಾರ ಕೇಳಿದೆವು.

ಮನೆಗೆ ಗ್ಯಾಸ್ ಬಂದು ಐದು ವರ್ಷವಾಗಿತ್ತು. ಆದರೆ ಅದು ಚಹಾಕ್ಕೆ ಮತ್ತು ಬಂದ ಬೀಗರಿಗೆ ಮಾತ್ರ. ರೊಟ್ಟಿಗೆ ಕಟ್ಟಿಗೆಯ ಒಲೆ. ಸ್ನಾನದ ನೀರಿಗೆ ಬಚ್ಚಲಿನ ಹಂಡೆಯ ಒಲೆ. ಹೊಲದ ತೊಗರಿ ಕಟ್ಟಿಗೆಗೆ ದುಡ್ಡಿಲ್ಲ. ನಸುಕಿನಲ್ಲಿ ಹಂಡೆಗೆ ಉರಿ ಹಚ್ಚಿದರೆ ಹೊಗೆಯೆಲ್ಲ ಅವರು ಮಲಗುವ ಕೋಣೆಗೇ ನುಗ್ಗುತ್ತಿತ್ತು. “ಇದನ್ನು ಮೊದಲೇ ಹೇಳಬಾರದಿತ್ತೇ ತಾಯಿ?” ಎಂದೆವು. “ನೀವು ಕೇಳಲಿಲ್ಲರಿ, ನಾ ಹೇಳಲಿಲ್ಲ” ಎಂದರು. ತಪ್ಪು ನಮ್ಮದೇ ಆಗಿತ್ತು.

ಹೊಗೆ ಮಾಡುವ ಕೆಲಸ

ಕಟ್ಟಿಗೆ, ಕುಳ್ಳು ಪೂರ್ಣವಾಗಿ ಉರಿಯದಿದ್ದಾಗ ಅತಿಸೂಕ್ಷ್ಮ ಕಣಗಳು ಏಳುತ್ತವೆ. ಇವುಗಳ ಗಾತ್ರ 2.5 ಮೈಕ್ರಾನ್‌ಗಿಂತಲೂ ಕಡಿಮೆ. ತಲೆಗೂದಲಿನ ದಪ್ಪದ ಇಪ್ಪತ್ತರಲ್ಲಿ ಒಂದು ಪಾಲೂ ಆಗಲಾರದು. ಮೂಗು, ಗಂಟಲು ಇವನ್ನು ತಡೆಯಲಾರವು. ಶ್ವಾಸಕೋಶದ ಕಟ್ಟಕಡೆಯ ಗಾಳಿಗೂಡುಗಳನ್ನು ತಲುಪಿ ಅಲ್ಲಿ ಉರಿಯೂತವನ್ನುಂಟುಮಾಡುತ್ತವೆ. ಹೃದಯ ಮತ್ತು ರಕ್ತನಾಳಗಳಿಗೂ ಹಾನಿ ಮುಟ್ಟುತ್ತದೆ. ಮಕ್ಕಳಿಗೆ ನ್ಯುಮೋನಿಯಾ, ಗರ್ಭಿಣಿಯರಿಗೆ ಕಡಿಮೆ ತೂಕದ ಶಿಶು, ಹಿರಿಯರಿಗೆ ದೀರ್ಘಕಾಲದ ಶ್ವಾಸರೋಗ ಮತ್ತು ಕಣ್ಣಿನ ಪೊರೆ, ಇವೆಲ್ಲಕ್ಕೂ ಒಲೆಯ ಹೊಗೆಗೂ ನಂಟಿದೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಅಕಾಲದಲ್ಲಿ ಅಸುನೀಗಿದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ.

ಒಲೆಗೆ ಬದಲಾಗಿ ಹಣ ಕೊಟ್ಟ ಊರುಗಳು

ಒಲೆಯನ್ನು ಬದಲಿಸಿದರೆ ನಿಜವಾಗಿಯೂ ಆಯುಸ್ಸು ಉಳಿಯುವುದೇ ಎಂದು ಕೇಳುವವರಿದ್ದಾರೆ. ಇದನ್ನು ಅಳೆದು ನೋಡಿದ ಊರೊಂದು ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದಲ್ಲಿದೆ. ಅದರ ಹೆಸರು ಲಾನ್ಸೆಸ್ಟನ್. ಅಲ್ಲಿ ಕಟ್ಟಿಗೆಯ ಒಲೆ ಇರುವುದು ಅಡುಗೆಗಲ್ಲ, ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿಡುವುದಕ್ಕೆ. ಊರು ಕಣಿವೆಯಲ್ಲಿರುವುದರಿಂದ ಚಳಿಗಾಲದ ರಾತ್ರಿ ತಣ್ಣನೆಯ ಗಾಳಿ ಕೆಳಗೇ ಕುಳಿತು, ಹೊಗೆಗೆ ಮುಚ್ಚಳ ಹಾಕಿದಂತಾಗುತ್ತಿತ್ತು. 2001ರಲ್ಲಿ ಸರ್ಕಾರವು ಕಟ್ಟಿಗೆಯ ಹೀಟರನ್ನು ತೆಗೆಸಿ ವಿದ್ಯುತ್ ಹೀಟರಿನಂತಹ ಹೊಗೆಯಿಲ್ಲದ ಸಾಧನ ಹಾಕಿಸಿಕೊಳ್ಳುವವರಿಗೆ ಸಹಾಯಧನ ನೀಡಲಾರಂಭಿಸಿತು. ಜೊತೆಯಲ್ಲಿ ತಿಳಿವಳಿಕೆಯ ಪ್ರಚಾರವೂ ನಡೆಯಿತು. ಕಟ್ಟಿಗೆಯ ಹೀಟರುಳ್ಳ ಮನೆಗಳು ನೂರಕ್ಕೆ 66 ಇದ್ದುದು 30ಕ್ಕೆ ಇಳಿದವು. ಚಳಿಗಾಲದ ಗಾಳಿಯಲ್ಲಿ ಪ್ರತಿ ಘನಮೀಟರಿಗೆ ಸರಾಸರಿ 44 ಮೈಕ್ರೋಗ್ರಾಂ ಇದ್ದ ಕಣಗಳು 27ಕ್ಕೆ ಇಳಿದವು.

2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದರ ಫಲ ಪ್ರಕಟವಾಯಿತು. ಪುರುಷರಲ್ಲಿ ಶ್ವಾಸಸಂಬಂಧಿ ಮರಣಗಳು ಶೇಕಡ 22.8ರಷ್ಟು, ಹೃದಯ ಮತ್ತು ರಕ್ತನಾಳಗಳ ರೋಗದ ಮರಣಗಳು ಶೇಕಡ 17.9ರಷ್ಟು ಕಡಿಮೆಯಾಗಿದ್ದವು. ಸ್ತ್ರೀಪುರುಷರನ್ನು ಕೂಡಿಸಿ ಲೆಕ್ಕ ಹಾಕಿದಾಗ ಇಳಿಕೆ ಇಷ್ಟು ಸ್ಪಷ್ಟವಾಗಿರಲಿಲ್ಲವೆಂಬುದನ್ನೂ ಹೇಳಬೇಕು. ಆದರೂ ಇಂತಹ ಯೋಜನೆಯಿಲ್ಲದ ಹೋಬಾರ್ಟ್ ನಗರದಲ್ಲಿ ಈ ಬಗೆಯ ಇಳಿಕೆ ಕಾಣಲಿಲ್ಲ.

ಅಮೆರಿಕದ ಮೊಂಟಾನಾ ರಾಜ್ಯದ ಲಿಬ್ಬಿ ಎಂಬ ಚಿಕ್ಕ ಊರಿನಲ್ಲಿಯೂ 2005ರಿಂದ 2007ರವರೆಗೆ ಸಾವಿರಕ್ಕೂ ಹೆಚ್ಚು ಹಳೆಯ ಒಲೆಗಳನ್ನು ಬದಲಿಸಲಾಯಿತು. ಗಾಳಿ ತಿಳಿಯಾದಂತೆ ಮಕ್ಕಳಲ್ಲಿ ಎದೆ ಸುಂಯ್‌ಗುಡುವುದು ಕಡಿಮೆಯಾಯಿತೆಂದು ತಂದೆತಾಯಿಗಳು ತಿಳಿಸಿದರು. ಇಂತಹ ಯೋಜನೆಗಳಲ್ಲಿ ಸಾಮಾನ್ಯವಾಗಿ ಒಂದು ಕರಾರು ಇರುತ್ತದೆ. ಹಳೆಯ ಒಲೆಯನ್ನು ಮತ್ತೆ ಬಳಸಲು ಬಾರದಂತೆ ಕೆಡಿಸಿ ಗುಜರಿಗೆ ಒಪ್ಪಿಸಬೇಕು. ಹೊಸದನ್ನು ಪಡೆದು ಹಳೆಯದನ್ನೂ ಉರಿಸುವಂತಿಲ್ಲ.

ನಮ್ಮಲ್ಲಿ ಆಗಿರುವುದೇನು

ನಮ್ಮ ದೇಶಕ್ಕೂ ಈ ವಿಚಾರ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಹೊಗೆ ಕೊಳವೆಯುಳ್ಳ ಅಸ್ತ್ರ ಒಲೆಯನ್ನು ರೂಪಿಸಿತು. ಹಿರಿಯ ಓದುಗರಲ್ಲಿ ಅನೇಕರು ಅದನ್ನು ಬಳಸಿರಬಹುದು. 2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆಯಿಂದ 10 ಕೋಟಿಗೂ ಮಿಕ್ಕಿ ಬಡ ಕುಟುಂಬಗಳ ತಾಯಂದಿರಿಗೆ ಠೇವಣಿಯಿಲ್ಲದೆ ಗ್ಯಾಸ್ ಸಂಪರ್ಕ ದೊರೆತಿದೆ. ಸೌರ ನೀರು ಹೀಟರ್ ಹಾಕಿಸಿದ ಮನೆಗಳಿಗೆ ನಮ್ಮ ರಾಜ್ಯದಲ್ಲಿ ವಿದ್ಯುತ್ ಬಿಲ್ಲಿನಲ್ಲಿ ರಿಯಾಯಿತಿ ಕೊಟ್ಟದ್ದೂ ಉಂಟು. ಇವೆಲ್ಲ ಒಳ್ಳೆಯ ಕಾರ್ಯಗಳೇ. ಆದರೆ ಇಲ್ಲಿ ಹೊಸ ಒಲೆ ಬಂದಿತೇ ಹೊರತು ಹಳೆಯ ಒಲೆ ಹೋಗಲಿಲ್ಲ. ದಿನಕ್ಕೊಂದು ಹೊತ್ತು ಹೊಗೆಯೆದ್ದರೂ ಶ್ವಾಸಕೋಶಕ್ಕೆ ಬಿಡುವಿಲ್ಲ.

ಸಿಲಿಂಡರಿನ ಬೆಲೆ ಬಡವರಿಗೆ ಭಾರವೆಂಬುದನ್ನು ನಾವು ಬಲ್ಲೆವು. ಆದ್ದರಿಂದ ಈ ಕ್ರಮವನ್ನು ಸೂಚಿಸುತ್ತೇವೆ.

1. ಶಿಶು, ಗರ್ಭಿಣಿ ಅಥವಾ ಏದುಸಿರಿನ ರೋಗಿ ಇರುವ ಮನೆಯಲ್ಲಿ ಮೂರು ಹೊತ್ತಿನ ಅಡುಗೆಯೂ ಗ್ಯಾಸಿನಲ್ಲಿಯೇ ಆಗಲಿ. ಸಂಪರ್ಕವಿಲ್ಲದ ಬಡ ಕುಟುಂಬದ ತಾಯಂದಿರು ಆಧಾರ್, ಪಡಿತರ ಚೀಟಿ, ಬ್ಯಾಂಕ್ ಖಾತೆಯ ವಿವರಗಳೊಡನೆ ಸಮೀಪದ ಗ್ಯಾಸ್ ವಿತರಕರಲ್ಲಿ ಉಜ್ವಲಾ ಯೋಜನೆಯ ಬಗ್ಗೆ ವಿಚಾರಿಸಲಿ.

2. ಹಂಡೆಯ ಒಲೆಯನ್ನು ಮರೆಯದಿರಿ. ಅನುಕೂಲವುಳ್ಳವರು ಸೌರ ಹೀಟರ್ ಹಾಕಿಸಲಿ. ಇಲ್ಲದವರು ಆ ಒಲೆಯನ್ನು ಮನೆಯ ಗೋಡೆಯಿಂದ ದೂರ, ಬಯಲಿಗೆ ಸಾಗಿಸಲಿ.

3. ಕಟ್ಟಿಗೆ ಅನಿವಾರ್ಯವಾದರೆ ಚೆನ್ನಾಗಿ ಒಣಗಿದ, ಸಣ್ಣಗೆ ಸೀಳಿದ ಕಟ್ಟಿಗೆಯನ್ನೇ ಬಳಸಿ. ಹೊಗೆ ಕೊಳವೆ ಮಾಳಿಗೆಯಿಂದ ಮೇಲಕ್ಕೆ ಏರಲಿ. ಪ್ಲಾಸ್ಟಿಕ್ ಹಾಕಿ ಉರಿ ಹೊತ್ತಿಸಬೇಡಿ. ಮಕ್ಕಳನ್ನು ಒಲೆಯ ಬಳಿ ಕೂರಿಸಬೇಡಿ.

4. ಮೂರು ವಾರ ಮೀರಿದ ಕೆಮ್ಮಿಗೆ ವೈದ್ಯರನ್ನು ಕಾಣಿರಿ. ಸ್ಪೈರೋಮೆಟ್ರಿ ಎಂಬ ಊದುವ ಪರೀಕ್ಷೆಯನ್ನು ಮಾಡಿಸಿರಿ. ಇನ್‌ಹೇಲರ್ ಬಳಸುತ್ತಿರುವವರು ನಮ್ಮ ಕಷಾಯ ಕುಡಿಯುತ್ತೇವೆಂದು ಅದನ್ನು ನಿಲ್ಲಿಸಬಾರದು. ನಿಮ್ಮ ವೈದ್ಯರು ಕೇಳದಿದ್ದರೂ ಮನೆಯ ಒಲೆಯ ಸಂಗತಿಯನ್ನು ನೀವಾಗಿಯೇ ತಿಳಿಸಿರಿ.

ಆ ತಾಯಿಯ ಮನೆಯಲ್ಲಿ ಬಚ್ಚಲಿನ ಒಲೆಯನ್ನು ಮಗನೇ ಒಡೆದು ಹಾಕಿದನು. ರೊಟ್ಟಿಯೂ ಗ್ಯಾಸಿಗೆ ಬಂದಿತು. ರುಚಿ ಮೊದಲಿನಂತಿಲ್ಲವೆಂದು ಮನೆಯವರು ಕೆಲವು ದಿನ ಗೊಣಗಿ ಸುಮ್ಮನಾದರು. ಇಷ್ಟು ವರ್ಷ ಸವೆದ ಶ್ವಾಸಕೋಶ ಮೊದಲಿನಂತಾಗಲಿಲ್ಲ, ಆಗುವುದೂ ಇಲ್ಲ. ಆದರೆ ರಾತ್ರಿ ಎದ್ದು ಕೂರುವುದು ತಪ್ಪಿತು. ಅದೇ ಔಷಧ ಈಗ ನಾಟುತ್ತಿದೆ. ಅವರ ಮೊಮ್ಮಗಳು ನಸುಕಿನಲ್ಲಿ ಹೊಗೆಯಿಲ್ಲದ ಕೋಣೆಯಲ್ಲಿ ಓದುತ್ತಾಳೆ. ಅಜ್ಜಿಗೆ ತಡವಾಗಿ ಸಿಕ್ಕಿದ ಚಿಕಿತ್ಸೆ ಅವಳಿಗೆ ಮೊದಲೇ ಸಿಕ್ಕಿದೆ.